ಭೇದವಿಲ್ಲದ ಡ್ರಿಲ್ ಮೇಷ್ಟ್ರು

ಡ್ರಿಲ್ ಮೇಷ್ಟ್ರ ಸಂತಾಪ ಸಭೆ ಯಳಂದೂರಿನಲ್ಲಿ ನಡೆದಾಗ ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ಅವರಿಗೆ ಭೇದಭಾವ ಅಂದರೇನೆಂದೇ ಗೊತ್ತಿರಲಿಲ್ಲ. ಇದನ್ನು ಬದುಕಿದ್ದಾಗ ಮೇಷ್ಟ್ರೇ ಎಷ್ಟೋ ಸಲ ಹೇಳಿದ್ದರು, ಹಾಗಾಗಿ ಸಭೆಯವರಿಗೆ ಹೊಸ ಮಾತು ಹುಡುಕುವ ಕಷ್ಟ ಬೀಳಲಿಲ್ಲ. ಅಕ್ಕಿ ಗಿರಣಿಯ ಶಿವಮಲ್ಲು ಮಾತಾಡಿ ಕಣ್ಣೊರೆಸಿಕೊಂಡ. ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರೊಬ್ಬರು ಮೇಷ್ಟ್ರಿಂದ ಶುರುಮಾಡಿ ತಮ್ಮ ನೌಕರಿಯ ವಿಷಯಕ್ಕೆ ಹೊರಳಿ ಅಲ್ಲೇ ಉಳಿದುಬಿಟ್ಟರು. ಕೊನೆಯಲ್ಲಿ ಮಾತಾಡಲಿ ಎಂದು, ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬಂದಿದ್ದ ಕೇತನನ್ನು ಇಟ್ಟುಕೊಂಡಿದ್ದರು. "ಅವನು ಮೇಷ್ಟ್ರ ನಿಜವಾದ ಶಿಷ್ಯ. ಅವನ ಮಾತು ಕೊನೇಲಿರಲಿ, ತೂಕ ಬರುತ್ತೆ" ಎಂದು ಶಿವಮಲ್ಲುವೇ ಹೇಳಿದ್ದ. ತೂಕ ಬರುವ ಹೊತ್ತಿಗೆ ಬೆಟ್ಟದ ಬಸ್ಸು ಹೊರಡುವ ಹೊತ್ತೂ ಬಂತು. ಕೇತ ಎದ್ದು, ಮೇಷ್ಟ್ರ ಫೋಟೋಕ್ಕೆ ಕೈಮುಗಿದು, ಬಸ್‌ಸ್ಟಾಂಡಿನ ಕಡೆ ನಡೆದುಹೋದ.

ಅವನು ಹೇಳಬೇಕಾಗಿದ್ದುದನ್ನು ಅವನ ಬದಲು ನಾನು ಹೇಳುತ್ತೇನೆ ಎಂದಲ್ಲ. ಅದು ಅವನ ಮಾತು, ಅವನ ಹತ್ತಿರವೇ ಇರಲಿ. ಆದರೆ ಒಂದು ಕಾಲದಲ್ಲಿ ಊರಿನ ವಾಲಿಬಾಲ್ ಕ್ಲಬ್ಬಿನ ಬೆಂಚಿನ ಮೇಲೆ ಅವನ ಪಕ್ಕ ಕೂತು ಮೇಷ್ಟ್ರನ್ನು ನೋಡಿದವನು ನಾನು. ಬೆಂಚಿನಿಂದ ಕಾಣುವ ಮನುಷ್ಯನೇ ಬೇರೆ.

ಮೊದಲು ನನ್ನ ಬೆಂಚಿನ ಕಾರಣ ಹೇಳಿಬಿಡುತ್ತೇನೆ. ನಮ್ಮಪ್ಪ ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗ ಇಟ್ಟುಕೊಂಡಿದ್ದವರು. ಐವತ್ತಾರರಲ್ಲಿ ಕೊಳ್ಳೇಗಾಲ ಮದ್ರಾಸು ರಾಜ್ಯ ಬಿಟ್ಟು ಮೈಸೂರಿಗೆ ಸೇರಿತು. ಅದಾದ ಮೇಲೆ ಅಪ್ಪ ಮಗ್ಗವನ್ನು ಚಿಕ್ಕಪ್ಪನಿಗೆ ಬಿಟ್ಟು ಯಳಂದೂರಿನಲ್ಲಿ ಬಟ್ಟೆ ಅಂಗಡಿ ಹಾಕಿದರು. ಸರ್ಕಾರ ನಮ್ಮ ಊರನ್ನು ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿತು, ಆದರೆ ಯಳಂದೂರಿನ ಹುಡುಗರು ನನ್ನನ್ನು ಬಿಡಿಸಲಿಲ್ಲ. ಮೈದಾನದಲ್ಲಿ ನನ್ನ ಹೆಸರೇ ಕೊಯಮತ್ತೂರು. ಕ್ಲಬ್ಬಿನಲ್ಲಿ ನಾನು ಯಾವಾಗಲೂ ಎಕ್ಸ್ಟ್ರಾ. ಇದರಲ್ಲಿ ನನಗೆ ಯಾವ ಅನ್ಯಾಯವೂ ಆಗಲಿಲ್ಲ. ನಾನು ಹೊಡೆದ ಚೆಂಡು ನೆಟ್ಟನ್ನು ದಾಟಿದ್ದೇ ಅಪರೂಪ, ದಾಟಿದರೆ ಊರನ್ನೇ ದಾಟುತ್ತಿತ್ತು. ನನ್ನ ವಿಷಯದಲ್ಲಿ ಮೇಷ್ಟ್ರ ತೀರ್ಮಾನ ನೂರಕ್ಕೆ ನೂರು ಸರಿಯಾಗಿತ್ತು.

ಕ್ಲಬ್ಬಿಗೆ ಒಂದು ಉದ್ದನೆಯ ಹೆಸರಿತ್ತು. ಬೋರ್ಡು ಬರೆಯುವವನು ಅರ್ಧ ಬರೆಯುವಷ್ಟರಲ್ಲಿ ಬಣ್ಣ ಮುಗಿದು, ಉಳಿದರ್ಧ ಹಾಗೇ ನಿಂತಿತು. ನಾವು ಬರಿಯ ಕ್ಲಬ್ಬು ಎನ್ನುತ್ತಿದ್ದೆವು. ಇದ್ದದ್ದು ಒಂದೇ ಆಟ, ವಾಲಿಬಾಲ್. ನೆಟ್ಟು ಮತ್ತು ಚೆಂಡು ಶಿವಮಲ್ಲುವಿನ ಅಪ್ಪನ ಗಿರಣಿಯಿಂದ ಬಂದಿದ್ದವು, ಆದ್ದರಿಂದ ಕ್ಯಾಪ್ಟನ್ನೂ ಅದೇ ಮನೆಯಿಂದ ಬಂದಿದ್ದ. ಉಳಿದದ್ದೆಲ್ಲ ಮೇಷ್ಟ್ರದು. ಬೆಳಗಿನ ಜಾವ ಸುಣ್ಣದ ಗೆರೆ ಹಾಕುತ್ತಿದ್ದವರು ಅವರು, ಚೆಂಡಿನೊಳಗಿನ ಬ್ಲಾಡರಿಗೆ ತೇಪೆ ಅಂಟಿಸುತ್ತಿದ್ದವರು ಅವರು, ಹೊಲಿಗೆ ಬಿಟ್ಟ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ದಬ್ಬಳದಲ್ಲಿ ಹೊಲಿಯುತ್ತಿದ್ದವರೂ ಅವರೇ.

ಗಿಡ್ಡ ಆಳು, ಖಾಕಿ ಚಡ್ಡಿ, ಶಾಲೆಯ ಸೀಮೆಸುಣ್ಣ ನೆನೆಸಿ ಬೆಳ್ಳಗೆ ಬಳಿದ ಕ್ಯಾನ್ವಾಸ್ ಶೂ. ಸೀಟಿ ಹಲ್ಲಿನ ಮಧ್ಯೆ ಯಾವಾಗಲೂ ಇರುತ್ತಿತ್ತು. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲ, ಹೀಗಾಗಿ ಅವರ ಬೈಗುಳದ ಜೊತೆ ಸಣ್ಣಗೆ ಪೀಪಿ ಕೇಳಿಸುತ್ತಿತ್ತು. ಬೀದಿಯಲ್ಲಿ ಎಮ್ಮೆ ಅಡ್ಡ ಬಂದರೆ ಸೀಟಿ, ಸಂತೆಯಲ್ಲಿ ಜನ ನೂಕಿದರೆ ಸೀಟಿ, ಮನೆಯಲ್ಲಿ ಕಾಫಿ ಬೇಕಾದರೂ ಸೀಟಿ. "ನಂಗ ಎಸ್ರು ಅಂತ ಒಂದದ ಅನ್ನೋದೇ ಮರ್ತೋಗದ ಕಣಪ್ಪ" ಎಂದು ಅವರ ಹೆಂಡತಿ ನಗುತ್ತಲೇ ಕಾಫಿ ತಂದಿಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅದರ ಬದಲು ನಾವಿದ್ದೆವು.

ಪಂದ್ಯ ಬಿಗಿಯಾದಾಗ ಮೇಷ್ಟ್ರು ಕೋರ್ಟಿಗೆ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದರು. ನೋಡುವ ಧೈರ್ಯ ಅವರಿಗಿಲ್ಲ. "ಏನಾಯ್ತ್ಲಾ ಕೊಯಮತ್ತೂರು?" ಎಂದು ನನ್ನನ್ನು ಕೇಳುವುದು, ನಾನು ಹೇಳುವುದು, ಅವರು ತಲೆ ಚಚ್ಚಿಕೊಳ್ಳುವುದು. ಹಾಗೆ ಬೆನ್ನು ಹಾಕಿ ನಿಂತ ಮೇಷ್ಟ್ರ ಮುಖವನ್ನು ಎದುರಿನಿಂದ ನೋಡುತ್ತಿದ್ದವರು ಬೆಂಚಿನ ನಾವಿಬ್ಬರೇ, ನಾನು ಮತ್ತು ಕೇತ. ಆ ಮುಖ ನೋಡಿದವರು ಅವರನ್ನು ದ್ವೇಷಿಸುವುದು ಕಷ್ಟ. ನಾನು ಪ್ರಯತ್ನಪಟ್ಟಿದ್ದೇನೆ, ಆಗಲಿಲ್ಲ.

ಕೇತ ಬೆಟ್ಟದ ಸೋಲಿಗರ ಹುಡುಗ. ಫಾರೆಸ್ಟ್ ಗಾರ್ಡೊಬ್ಬರ ಮನೆಯ ಜಗುಲಿಯಲ್ಲಿ ಮಲಗಿ ಎಂಟನೇ ಕ್ಲಾಸಿನವರೆಗೆ ಓದಿ, ಆಮೇಲೆ ಮೈದಾನದ ಪಕ್ಕದ ಬಿದಿರು ಡಿಪೋದಲ್ಲಿ ಲಾರಿಗೆ ಬಿದಿರು ತುಂಬುವ ಕೆಲಸಕ್ಕೆ ಸೇರಿದ್ದ. ನಮ್ಮ ಚೆಂಡು ಕಳ್ಳಿ ಬೇಲಿ ಹಾರಿ ಡಿಪೋಗೆ ಬಿದ್ದರೆ ಅವನು ಎತ್ತಿ ಎಸೆಯುತ್ತಿದ್ದ. ಒಂದು ಸಂಜೆ ಎಸೆಯುವ ಬದಲು ಎಗರಿ ಹೊಡೆದ. ಚೆಂಡು ಬೇಲಿ ದಾಟಿ, ನೆಟ್ಟು ದಾಟಿ, ಕ್ಯಾಪ್ಟನ್ ಶಿವಮಲ್ಲುವಿನ ಎದೆಗೆ ಬಡಿದು ಅವನನ್ನು ಕೂರಿಸಿತು. ಮೇಷ್ಟ್ರ ಬಾಯಿಂದ ಸೀಟಿ ಬಿದ್ದುಹೋಯಿತು. ಸೀಟಿಯನ್ನು ಎತ್ತಿಕೊಳ್ಳದೆ ಡಿಪೋಗೆ ಓಡಿದರು. ಡಿಪೋದವರ ಹತ್ತಿರ ಮಾತಾಡಿ, ಸಂಜೆ ಹೊತ್ತು ಕೇತನನ್ನು ಬಿಡಿಸಿಕೊಂಡು ಬಂದರು. ಯಾರೋ ಒಬ್ಬರು "ಕಾಡಿನೋರಿಗೆಲ್ಲ ಕ್ಲಬ್ಬಾ ಸಾ?" ಎಂದಾಗ, "ಮೈದಾನದಲ್ಲಿ ಸುಣ್ಣದ ಗೆರೆ ಒಂದೇ ಕಣ್ಲಾ ಇರೋದು, ಬೇರೆ ಗೆರೆ ಇಲ್ಲ" ಎಂದು ಗದರಿದರು. ಕ್ಲಬ್ಬಿನ ಬನೀನು ತಮ್ಮ ಕೈಯಾರೆ ಹಾಕಿದರು.

ಆ ಬನೀನು ಬಹಳ ದಿನ ಹೊಸದಾಗಿಯೇ ಉಳಿಯಿತು.

ಅಭ್ಯಾಸದಲ್ಲಿ ಕೇತನನ್ನು ತಡೆಯುವವರಿರಲಿಲ್ಲ. ಅವನು ನೆಟ್ಟಿನ ಹತ್ತಿರ ಎಗರಿದರೆ ಆಚೆ ಕಡೆಯವರು ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರು. ಮೇಷ್ಟ್ರು ಅದನ್ನು ನೋಡಿ ಆನಂದದಿಂದ ತೊಡೆ ತಟ್ಟಿಕೊಂಡು, ಮರುಗಳಿಗೆಗೆ ಅವನನ್ನು ಕೂರಿಸಿ ಗಿರಣಿ ಮನೆಯ ಹುಡುಗನನ್ನೋ ಅಂಗಡಿ ಸಾಹುಕಾರರ ಹುಡುಗನನ್ನೋ ಎಬ್ಬಿಸುತ್ತಿದ್ದರು. ಕಾರಣ ಸರಳ. "ಕೇತಂಗೆ ಹುಟ್ಟಿನಿಂದ ಬಂದಿರೋ ವಿದ್ಯೆ. ಅವನಿಗೆ ಪ್ರಾಕ್ಟೀಸು ಯಾಕೆ? ಈ ಬಡ್ಡೀಮಕ್ಕಳಿಗೆ ಬೇಕು ಪ್ರಾಕ್ಟೀಸು, ಇವ್ರಿಗೆ ಏನೂ ಬರಲ್ಲ." ಹೀಗಾಗಿ ಆಟ ಬರುವವನು ಕೂರುತ್ತಿದ್ದ, ಬರದವರು ಆಡುತ್ತಿದ್ದರು. ಕೇಳಿದರೆ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಸಾಹುಕಾರರ ಮಕ್ಕಳಿಗೂ ಅದರಲ್ಲಿ ಬೇಸರ ಕಾಣಲಿಲ್ಲ.

ಪಂದ್ಯದ ದಿನ ಇನ್ನೊಂದು ತರ್ಕ. ಕೇತ ಬ್ರಹ್ಮಾಸ್ತ್ರ. "ಬ್ರಹ್ಮಾಸ್ತ್ರಾನ ಯಾರಾದ್ರೂ ಮೊದಲೇ ಬಿಡ್ತಾರೇನ್ಲಾ?" ಹನೂರಿನವರ ಮೇಲೆ ಆಡಲು ಹೋದಾಗ, "ಇವರಿಗೆ ಬ್ರಹ್ಮಾಸ್ತ್ರ ಬೇರೆ ಕೇಡು" ಎಂದರು. ಸೋತೆವು. ಕೊಳ್ಳೇಗಾಲದವರು ಬಲವಾದ ತಂಡ. ಅಲ್ಲಿ, "ಹೆಂಗೂ ಸೋಲೋ ಆಟ, ಬ್ರಹ್ಮಾಸ್ತ್ರ ಯಾಕೆ ಹಾಳು ಮಾಡ್ಲಿ" ಎಂದರು. ಚೆನ್ನಾಗಿಯೇ ಸೋತೆವು. ಸಮಬಲದ ತಂಡ ಸಿಕ್ಕಿದರೆ ಬೆನ್ನು ತಿರುಗಿಸಿ ನಿಂತು, "ತಡಿ, ತಡಿ, ಇನ್ನೂ ಹೊತ್ತು ಬಂದಿಲ್ಲ" ಎನ್ನುತ್ತಿದ್ದರು. ಆ ಹೊತ್ತು ಬರುವ ಮುಂಚೆ ಪಂದ್ಯ ಮುಗಿಯುತ್ತಿತ್ತು.

ಕೇತ ಮಾತಾಡುವವನಲ್ಲ. ಬೆಂಚಿನ ತುದಿಯಲ್ಲಿ, ಈಗ ಕರೆಯುತ್ತಾರೇನೋ ಎಂಬಂತೆ, ಶೂ ಇಲ್ಲದ ಕಾಲಿನ ಬೆರಳು ನೆಲಕ್ಕೆ ಊರಿ ಕೂರುತ್ತಿದ್ದ. ನನಗೇ ಮೈ ಪರಚಿಕೊಳ್ಳುವ ಹಾಗಾಗಿ ಒಮ್ಮೆ ಕೇಳಿದೆ, "ಬೇಜಾರಾಗಲ್ವೇನ್ಲಾ ನಿನಗೆ?"

"ಮೇಷ್ಟ್ರು ಇವತ್ತ್ ಆಡುಸ್ತರ ಕಣ್ಲಾ" ಎಂದ. ಪ್ರತಿ ಪಂದ್ಯಕ್ಕೂ ಅವನ ಉತ್ತರ ಅದೇ.

ಮೇಷ್ಟ್ರು ಅವನನ್ನು ಕೀಳಾಗಿ ಕಂಡರೆಂದು ಯಾರಾದರೂ ಹೇಳಿದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಕೇತನಿಗೆ ಚಳಿಜ್ವರ ಬಂದಾಗ ಗಾರ್ಡಿನ ಜಗುಲಿಯಿಂದ ಎತ್ತಿಸಿ ತಮ್ಮ ಮನೆಯ ನಡುಮನೆಯಲ್ಲೇ ಮಲಗಿಸಿದರು. ಮೇಷ್ಟ್ರ ಹೆಂಡತಿ ಗಂಜಿ ಕುಡಿಸಿದರು. ಮೇಷ್ಟ್ರು ತಲೆದೆಸೆಯಲ್ಲಿ ಕೂತು ಒದ್ದೆ ಬಟ್ಟೆ ಹಾಕಿದರು, ಅಷ್ಟು ದಿನವೂ ಊರಿನಲ್ಲಿ ಸೀಟಿ ಕೇಳಲಿಲ್ಲ. ಅಕ್ಕಪಕ್ಕದವರು ಮೂಗು ಮುರಿದರು. ಮೇಷ್ಟ್ರು ಅದಕ್ಕೆ ಕ್ಯಾರೇ ಎನ್ನಲಿಲ್ಲ. ಇಷ್ಟೆಲ್ಲ ಮಾಡಿದವರು ಅವನನ್ನು ಒಂದು ಪಂದ್ಯ ಆಡಿಸಿದ್ದರೆ ಏನು ಗಂಟು ಹೋಗುತ್ತಿತ್ತು ಎನ್ನುವುದೇ ನನಗೆ ತಿಳಿಯದ ವಿಷಯವಾಗಿತ್ತು.

ಆ ವರ್ಷ ದೊಡ್ಡ ಪಂದ್ಯವೊಂದು ಅಗರದಿಂದ ಆಚೆಗಿರುವ ಒಂದು ಹಳ್ಳಿಯಲ್ಲಿ ಗೊತ್ತಾಯಿತು. ಆ ಪಂದ್ಯ ನೋಡಲು ಮೈಸೂರಿನಿಂದ ಒಬ್ಬ ಅಧಿಕಾರಿ ಬರುತ್ತಾರೆ, ಪೊಲೀಸು ತಂಡಕ್ಕೆ ಹುಡುಗರನ್ನು ಆರಿಸುತ್ತಾರೆ, ಆರಿಸಿದವರಿಗೆ ನೌಕರಿ ಖಾತ್ರಿ ಎಂಬ ಸುದ್ದಿ ಬಂತು. ನಮ್ಮ ಆರು ಜನರಲ್ಲಿ ಯಾರಿಗೂ ನೌಕರಿಯ ತುರ್ತಿರಲಿಲ್ಲ. ಗಿರಣಿ, ಗದ್ದೆ, ಅಂಗಡಿ ಇದ್ದವರು. ಕೇತನಿಗೆ ಮಾತ್ರ ಆ ಸುದ್ದಿ ತಲೆಗೆ ಹತ್ತಿತು. ಎಂಟನೇ ಕ್ಲಾಸು ಓದಿ ಬಿದಿರು ಹೊರುವ ಹುಡುಗನಿಗೆ ಇನ್ಯಾವ ಬಾಗಿಲು ತೆರೆಯಬೇಕಿತ್ತು? ಮೊದಲ ಸಲ ಅವನು ಬಾಯಿಬಿಟ್ಟು ಮೇಷ್ಟ್ರ ಹತ್ತಿರ ಕೇಳಿದ. "ಸಾ, ಆ ಸಾಯೇಬ್ರು ನೋಡಾ ಒತ್ನಲ್ಲಿ ನಾನೂ ಒಸಿ ಆಡ್ತೀನಿ ಸಾ."

"ಆಡದೆ ಏನ್ಲಾ! ನಿನ್ನ ಬಿಟ್ಟು ಇನ್ಯಾರು?" ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು. ಅವನು ಆ ಸಂಜೆ ಬನೀನು ಒಗೆದು ಡಿಪೋದ ಬಿದಿರಿನ ಮೇಲೆ ಒಣಹಾಕಿದ್ದನ್ನು ನಾನು ನೋಡಿದೆ.

ಹಳ್ಳಿಗೆ ನಾವು ಎತ್ತಿನ ಗಾಡಿಯಲ್ಲಿ ಹೊರಟೆವು. ಕೇತ ಗಾಡಿಗಿಂತ ಮುಂದೆ ನಡೆದು ಹೋಗುತ್ತಿದ್ದ. ಗಾಡಿಯ ಹಿಂದೆ ಮೇಷ್ಟ್ರ ಪಕ್ಕ ಕೂತಿದ್ದ ನಾನು, "ಸಾ, ಇವತ್ತು ಮೊದಲಿಂದಲೇ ಕೇತನ್ನ ಇಳಿಸಿಬಿಡಿ ಸಾ" ಎಂದೆ.  ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆದು ಜೇಬಿಗಿಟ್ಟರು. ಅವರು ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಆಟ ಆದ ಮೇಲೆ ಊಟ ಅದೆ, ಗೊತ್ತಲ್ವಾ?" ಎಂದರು.

ಗೊತ್ತಿತ್ತು. ನಮ್ಮ ಸೀಮೆಯಲ್ಲಿ ಪಂದ್ಯಕ್ಕೆ ಬಂದ ತಂಡಕ್ಕೆ ಊರ ಯಜಮಾನರ ಮನೆಯಲ್ಲಿ ಊಟ ಹಾಕುವುದು ಪದ್ಧತಿ. ಕೋರ್ಟಿನಲ್ಲಿ ನಿಂತು ಆಡಿದವರಿಗೆ ನಡುಮನೆಯಲ್ಲಿ, ಊರ ಹಿರಿಯರ ಪಂಕ್ತಿಯಲ್ಲೇ ಎಲೆ. ಎಕ್ಸ್ಟ್ರಾಗಳಿಗೆ, ಗಾಡಿಯವನಿಗೆ, ಸುಮ್ಮನೆ ಜೊತೆ ಬಂದವರಿಗೆ ಜಗುಲಿಯಲ್ಲಿ. ಸೋತವರು ಗೆದ್ದವರು ಎಂಬ ಲೆಕ್ಕ ಅಲ್ಲಿಲ್ಲ, ಆಡಿದವರು ಆಡದವರು ಅಷ್ಟೇ. ಜಗುಲಿಯಲ್ಲಿ ಉಣ್ಣುವವನನ್ನು ಯಾರೂ ಯಾವ ಪೈಕಿ, ಯಾವ ಜಾತಿ ಎಂದು ಕೇಳುವುದಿಲ್ಲ. ನಡುಮನೆಗೆ ಕಾಲಿಟ್ಟವನನ್ನು ಕೇಳದೆ ಬಿಡುವುದಿಲ್ಲ.

"ಅವನ್ನ ಆಡಿಸಿದ್ರೆ ಅವನು ಒಳಗೆ ಕೂರಬೇಕು" ಎಂದರು ಮೇಷ್ಟ್ರು. "ಯಾರೋ ಒಬ್ಬ ಮುದುಕ ಏಳು ಅಂದ್ರೆ? ಎಲೆ ಮುಂದಿಂದ ಎಬ್ಬಿಸಿಕೊಂಡು ಹೋಗೋದು ಅಂದ್ರೆ ಏನು ಅಂತ ಗೊತ್ತೇನ್ಲಾ ನಿನಗೆ? ಅನ್ನ ಬಡಿಸಿರ್ತಾರೆ, ಕೈ ಇಟ್ಟಿರ್ತೀಯ, ಎಲ್ಲರೂ ನೋಡ್ತಿರ್ತಾರೆ." ಅಲ್ಲಿಗೆ ನಿಲ್ಲಿಸಿದರು. ಅವರು ಯಾವ ಪೈಕಿ ಎಂದು ನಾವು ಯಾರೂ ಕೇಳಿರಲಿಲ್ಲ. ಆ ಹೊತ್ತು ಕೇಳುವ ಅಗತ್ಯ ಕಾಣಲಿಲ್ಲ. "ಅವನಿಗೆ ಅದು ಆಗಬಾರದು. ನಾನಿರೋವರೆಗೆ ಆಗಬಾರದು" ಎಂದು ಸೀಟಿಯನ್ನು ಮತ್ತೆ ಹಲ್ಲಿಗೆ ಸಿಕ್ಕಿಸಿದರು.

ಅಂದರೆ ಬ್ರಹ್ಮಾಸ್ತ್ರ, ಹುಟ್ಟುವಿದ್ಯೆ ಎಲ್ಲವೂ ಮೇಲಿನ ಹೊದಿಕೆ. ಒಳಗಿದ್ದದ್ದು ಒಂದು ಬಾಳೆ ಎಲೆ. ಇಷ್ಟು ಪ್ರೀತಿಯಿಂದ ಮಾಡಿದ ಅನ್ಯಾಯವನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.  ಈಗ ಅನ್ನಿಸುತ್ತದೆ: ಎಬ್ಬಿಸುತ್ತಾರೋ ಇಲ್ಲವೋ ಎನ್ನುವುದನ್ನು ಕೇತನೇ ನೋಡಿಕೊಳ್ಳಲು ಬಿಡಬಹುದಾಗಿತ್ತು. ಎದ್ದು ನಿಂತರೆ ಅವನು ಆ ಮನೆಯ ತೊಲೆ ಮುಟ್ಟುವಷ್ಟು ಎತ್ತರದ ಹುಡುಗ.

ಪಂದ್ಯ ಶುರುವಾಯಿತು. ಮೈಸೂರಿನ ಅಧಿಕಾರಿ ಹೊಂಗೆ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೇತ ಬೆಂಚಿನಲ್ಲಿದ್ದ. ಒಂದು ಸೆಟ್ಟು ಅವರದು, ಒಂದು ನಮ್ಮದು. ಮೂರನೆಯದರಲ್ಲಿ ನಮ್ಮ ಹುಡುಗರು ಸುಸ್ತಾಗಿ ಚೆಂಡು ಚೆಲ್ಲತೊಡಗಿದರು. ಮೇಷ್ಟ್ರು ಬೆನ್ನು ತಿರುಗಿಸಿ ನಮ್ಮ ಎದುರು ನಿಂತರು. ಕೇತ ಅವರ ಮುಖವನ್ನೇ ನೋಡುತ್ತಿದ್ದ, ಅವರು ಅವನ ಮುಖ ಬಿಟ್ಟು ಉಳಿದದ್ದೆಲ್ಲ ನೋಡುತ್ತಿದ್ದರು.

"ಏನಾಯ್ತ್ಲಾ?"

"ಹೋಯ್ತು ಸಾ. ಇನ್ನೊಂದು ಪಾಯಿಂಟ್ ಕೊಟ್ರೆ ಆಟವೇ ಹೋಯ್ತು."

"ಸಾ" ಎಂದ ಕೇತ. ಅಷ್ಟೇ ಅಂದದ್ದು.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಮೇಲೆ ಕಿವಿ ಕಿತ್ತುಹೋಗುವ ಹಾಗೆ ಸೀಟಿ ಊದಿ, ಒಬ್ಬ ಹುಡುಗನನ್ನು ಆಚೆ ಕರೆದು ಕೇತನನ್ನು ಒಳಗೆ ಬಿಟ್ಟರು. ಅಧಿಕಾರಿ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದ್ದು ನನಗೆ ಕಾಣಿಸಿತು. ಆ ಕಡೆಯಿಂದ ಸರ್ವಿಸ್ ಬಂತು. ನಮ್ಮವನೊಬ್ಬ ಹೇಗೋ ಎತ್ತಿದ. ಚೆಂಡು ಶಿವಮಲ್ಲುವಿನ ಕೈಗೆ ಬಂತು. ಕೇತ ನೆಟ್ಟಿನ ಹತ್ತಿರ ಆಗಲೇ ಎಗರಿಬಿಟ್ಟಿದ್ದ, ಬಲಗೈ ಮೇಲಿತ್ತು. ಅವನಿಗೆ ಎತ್ತಿಕೊಡಬೇಕಾದ ಚೆಂಡನ್ನು ಶಿವಮಲ್ಲು ತಾನೇ ಹೊಡೆದ. ಅದು ನೆಟ್ಟಿಗೆ ಬಡಿದು ನಮ್ಮ ಕಡೆಯೇ ಬಿತ್ತು. ಕೇತ ಬರಿಗೈಯಲ್ಲಿ ನೆಲಕ್ಕಿಳಿದ.

ಆಟ ಮುಗಿಯಿತು. ಅಧಿಕಾರಿ ನಮ್ಮ ಕಡೆಯಿಂದ ಶಿವಮಲ್ಲುವಿನ ಹೆಸರು ಕೇಳಿ ಬರೆದುಕೊಂಡರು. ಕೊನೆಯಲ್ಲಿ ಬಂದ ಎತ್ತರದ ಹುಡುಗ ಯಾರು ಎಂದು ವಿಚಾರಿಸಿದರಂತೆ, ಆದರೆ ಅವನು ಚೆಂಡು ಹೊಡೆದದ್ದನ್ನೇ ನೋಡದೆ ಏನೆಂದು ಬರೆದುಕೊಳ್ಳುತ್ತಾರೆ? ಶಿವಮಲ್ಲು ಆಮೇಲೆ ಮೈಸೂರಿಗೆ ಹೋಗಲಿಲ್ಲ. ಗಿರಣಿ ನೋಡಿಕೊಳ್ಳುವುದು ಬಿಟ್ಟು ಪೇದೆಯಾಗುವುದು ಅವನ ಅಪ್ಪನಿಗೆ ಮರ್ಯಾದೆಯ ಮಾತಾಗಿರಲಿಲ್ಲ. ಆ ಜಾಗ ಹಾಗೇ ಖಾಲಿ ಹೋಯಿತು. 

ಯಜಮಾನರ ಮನೆಯ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟರು. ಯಜಮಾನರು ಹಣೆ ತುಂಬ ವಿಭೂತಿ ಧರಿಸಿದ್ದ ದೊಡ್ಡ ಆಳು. "ಆಡ್ದೋರೆಲ್ಲ ಒಳಕ್ಕ ಬನ್ರಪ್ಪಾ, ಎಲೆ ಆಕ್ಸಿವ್ನಿ" ಎಂದು ಕರೆದರು. ಆರು ಜನ ಒಳಗೆ ಹೋದರು. ಕೊನೆಯ ಪಾಯಿಂಟಿಗೆ ಕೋರ್ಟಿನಲ್ಲಿ ನಿಂತವನೂ ಆಡಿದವನೇ, ಲೆಕ್ಕಕ್ಕೆ ಕೇತನೇ ಏಳನೆಯವನು. ಮೇಷ್ಟ್ರ ಮುಖ ಬೆಳ್ಳಗಾಗಿತ್ತು. ಯಾವುದಕ್ಕೆ ಹೆದರಿ ಒಂದು ವರ್ಷ ಕೂರಿಸಿದ್ದರೋ ಅದು ಬಾಗಿಲಿಗೇ ಬಂದು ನಿಂತಿತ್ತು. ಆದರೂ ಅವರು ಕೇತನ ಹೆಗಲ ಮೇಲೆ ಕೈ ಇಟ್ಟು, "ಬಾ, ನನ್ನ ಪಕ್ಕ ಕೂತ್ಕೊ" ಎಂದರು.  ಅದನ್ನು ಹೇಳದಿದ್ದರೆ ಅವರಿಗೆ ಮೋಸ ಮಾಡಿದ ಹಾಗಾಗುತ್ತದೆ.

ಕೇತ ಹೊಸಿಲು ದಾಟಲಿಲ್ಲ.

"ನಾ ಎಲ್ಲಿ ಆಡ್ದೆ ಸಾ?" ಎಂದ. "ನಾನು ಚೆಂಡೇ ಮುಟ್ನಿಲ್ಲ. ಆಡ್ದೋರು ಉಣ್ಲಿ."

ಹಾಗೆಂದು ಬಂದು ಜಗುಲಿಯಲ್ಲಿ ನನ್ನ ಪಕ್ಕ ಕೂತ. ಬಡಿಸಿದ್ದನ್ನೆಲ್ಲ ತಲೆಯೆತ್ತದೆ ಉಂಡ.  ಒಳಗಿನಿಂದ ಯಜಮಾನರ ದನಿ ಕೇಳಿಸುತ್ತಿತ್ತು. "ಆ ಉದ್ದನೆ ಉಡ್ಗ ಯಾಕ್ ಆಚಗ ಓದ? ಬೆಟ್ಟದೋನಾ? ಬೆಟ್ಟದೋರು ನಮಗ ಬೇರೆನಾ ಮೇಷ್ಟ್ರೇ? ಅವ್ರ ಎಣ್ಣನ್ನೇ ಬೆಟ್ಟದ ರಂಗಪ್ಪ ಮದುವ ಆಗಿಲ್ವಾ? ದ್ಯಾವ್ರೇ ಅವ್ರಿಗ ಭಾವ ಆಗ್ಬೇಕು. ಒಳಗೇ ಕೂರ್ಬೋದಿತ್ತು." ಪಂಕ್ತಿಯಲ್ಲಿದ್ದವರೆಲ್ಲ ಹೌದು ಹೌದು ಎಂದರು. ಅವನು ಜಗುಲಿಯಲ್ಲಿ ಅರ್ಧ ಊಟ ಮುಗಿಸಿದ ಮೇಲೆ ಈ ಮಾತು ಬಂದದ್ದು. ಅವನು ಒಳಗೆ ಕೂತಿದ್ದರೂ ಬರುತ್ತಿತ್ತೇ ಎಂದು ನನಗೆ ಗೊತ್ತಿಲ್ಲ. ಅದು ಯಾರಿಗೂ ಗೊತ್ತಾಗದ ಹಾಗೆ ಮೇಷ್ಟ್ರು ವರ್ಷವಿಡೀ ಕಾವಲು ಕಾದಿದ್ದರು.

ವಾಪಸು ಬರುವಾಗ ಮೇಷ್ಟ್ರು ಗಾಡಿಯಲ್ಲಿ ಹೊಸ ಉಸಿರು ಬಂದವರ ಹಾಗಿದ್ದರು. "ನೋಡಿದ್ಯೇನ್ಲಾ ಆ ಹುಡುಗನ ದೊಡ್ಡತನಾನ! ಎಲ್ಲರ ಮರ್ಯಾದೆ ಉಳಿಸಿ ತಾನೇ ಆಚೆ ಹೋದ. ಯಾವ ಮೇಷ್ಟ್ರು ಕಲಿಸ್ತಾರೆ ಇಂಥಾ ನಡತೇನ?" ಎಂದರು. ನಾನು ಅವರ ಮುಖ ನೋಡಿದೆ. ತಮಾಷೆಯಿರಲಿಲ್ಲ, ನಾಟಕವೂ ಇರಲಿಲ್ಲ. ಬಾಗಿಲಲ್ಲಿ ಕೇತ ಅಂದ ಮಾತು ನೇರವಾಗಿ ಅವರ ಎದೆಗೆ ಬಂದಿತ್ತು. ಅವರು ಅದನ್ನು ಹೂವಿನ ಹಾರದ ಹಾಗೆ ಕೊರಳಿಗೆ ಹಾಕಿಕೊಂಡುಬಿಟ್ಟರು. ಆಮೇಲೆ ಎಷ್ಟೋ ವರ್ಷ ಶಾಲೆಯ ಪ್ರಾರ್ಥನೆಯಲ್ಲಿ ವಿನಯದ ಪಾಠವೆಂದು ಮಕ್ಕಳಿಗೆ ಈ ಪ್ರಸಂಗವನ್ನು ಹೇಳುತ್ತಿದ್ದರಂತೆ.

ಮರುದಿನದಿಂದ ಕೇತ ಮೈದಾನಕ್ಕೆ ಬರಲಿಲ್ಲ. ಡಿಪೋದಲ್ಲೂ ಇರಲಿಲ್ಲ. ಬೆಟ್ಟಕ್ಕೆ ಹೋಗಿ, ಬೇಸಗೆಯಲ್ಲಿ ಕಾಡಿಗೆ ಬೆಂಕಿ ಹರಡದಂತೆ ಪೊದೆ ಸವರಿ ಬರಿನೆಲದ ಪಟ್ಟಿ ಮಾಡುವ ದಿನಗೂಲಿಗೆ ಸೇರಿದ್ದಾನೆ ಎಂದು ಲಾರಿಯವರು ಹೇಳಿದರು. ಮೇಷ್ಟ್ರು ಕೆಲವು ಸಂಜೆ ಬೇಲಿಯ ಕಡೆ ನೋಡುತ್ತ ಕಳೆದರು. ಆಟದ ಮಧ್ಯೆ ಸೀಟಿ ಊದುವುದನ್ನೇ ಮರೆಯುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಅಂಗಡಿಗೆ ಬಂದು, "ನಡೀಲಾ ಕೊಯಮತ್ತೂರು, ಅವನ್ನ ಕರ್ಕೊಂಡು ಬರಣ" ಎಂದರು. ಇಬ್ಬರೂ ಖಾಲಿ ಬಿದಿರು ಲಾರಿ ಹತ್ತಿ ಬೆಟ್ಟಕ್ಕೆ ಹೋದೆವು. ಲಾರಿ ಬಿಟ್ಟ ಜಾಗದಿಂದ ಅವನ ಪೋಡಿಗೆ, ಅಂದರೆ ಸೋಲಿಗರ ಹಟ್ಟಿಗೆ, ಕಾಲುದಾರಿಯಲ್ಲಿ ಏರಬೇಕಿತ್ತು. ಮೇಷ್ಟ್ರು ಅಲ್ಲಲ್ಲಿ ಮರಕ್ಕೆ ಒರಗಿ ನಿಂತು ಏದುಸಿರು ಬಿಟ್ಟರು.

ಕೇತ ಓಡಿ ಬಂದು ಕಾಲಿಗೆ ಬಿದ್ದ. ಅವನ ಅಜ್ಜಿ ಚಾಪೆ ಹಾಸಿ ಕೂರಿಸಿದಳು. ರಾಗಿ ಹಿಟ್ಟು, ಕಾಡಿನ ಸೊಪ್ಪಿನ ಸಾರು, ಮುತ್ತುಗದ ಎಲೆಯ ಮೇಲೆ ಜೇನು. ಅಂಗಳದಲ್ಲಿ ಹೆಂಗಸರು, ಮಕ್ಕಳು, ನಾವು, ಎಲ್ಲ ಒಟ್ಟಿಗೇ ಕೂತು ಉಂಡೆವು. ಮೇಷ್ಟ್ರು ಬೆರಳು ಚೀಪಿಕೊಂಡು ಉಂಡು, "ನೋಡ್ಲಾ, ನನಗೆ ಯಾವ ಭೇದವೂ ಇಲ್ಲ" ಎಂದು ಅಜ್ಜಿಗೂ ಒಮ್ಮೆ ಹೇಳಿದರು. ಅಜ್ಜಿಗೆ ಅದು ಯಾಕೆ ಹೇಳಿದರೆಂದು ತಿಳಿಯದೆ ಇನ್ನಷ್ಟು ಜೇನು ಬಡಿಸಿದಳು.

ಊಟವಾದ ಮೇಲೆ ಮೇಷ್ಟ್ರು ವಿಷಯಕ್ಕೆ ಬಂದರು. "ನಾಳೆಯಿಂದ ಬಂದ್ಬಿಡು. ಆ ಆಫೀಸರು ಮತ್ತೆ ಬಂದೇ ಬರ್ತಾರೆ."

"ನಿಮ್ಮಂಗ ನಂಗ ಯಾರೂ ಏಳ್ಕೊಟ್ಟಿಲ್ಲ ಸಾ" ಎಂದ ಕೇತ. "ಆಡಾದ ಇಲ್ಲೇ ಆಡ್ತೀನಿ."

ಅವನು ತೋರಿಸಿದ ಕಡೆ ಎರಡು ಮರಗಳ ನಡುವೆ ಕಾಡುಬಳ್ಳಿ ಬಿಗಿದಿತ್ತು. ಚೆಂಡು ನಮ್ಮ ಕ್ಲಬ್ಬಿನವರು ಹರಿಯಿತೆಂದು ಎಸೆದದ್ದೇ, ಒಳಗೆ ಬಟ್ಟೆ ತುರುಕಿ ಹೊಲಿದಿದ್ದರು. ಪೋಡಿನ ಹುಡುಗರು, ಹುಡುಗಿಯರು, ಸೀರೆ ಎತ್ತಿ ಸಿಕ್ಕಿಸಿಕೊಂಡ ಒಬ್ಬಳು ಮದುವೆಯಾದ ಹೆಂಗಸು, ಎಲ್ಲ ಸೇರಿದರು. ಕೇತನದು ಒಂದೇ ಕಟ್ಟಳೆ: ಚೆಂಡು ಬಿಟ್ಟವರು ಆಚೆ, ಕಾದು ನಿಂತವರು ಒಳಗೆ. ಹೀಗಾಗಿ ಎಲ್ಲರಿಗೂ ಆಟ ಸಿಗುತ್ತಿತ್ತು. ನನ್ನನ್ನೂ ಎಳೆದುಕೊಂಡರು. ನಾನು ಹೊಡೆದದ್ದು ಪೊದೆಗೆ ಬಿತ್ತು, ನಕ್ಕರು, ಸುತ್ತು ಬಂದಾಗ ಮತ್ತೆ ಕರೆದರು. ನನ್ನ ಜೀವಮಾನದಲ್ಲಿ ನಾನು ನಿಜವಾಗಿ ವಾಲಿಬಾಲ್ ಆಡಿದ್ದು ಆವತ್ತೇ.

ಮೇಷ್ಟ್ರು ಚಾಪೆಯ ಮೇಲಿದ್ದರು. ಮೊದಲು ಸೀಟಿ ಊದಿ ಅಂಪೈರಾಗಲು ನೋಡಿದರು, ಅಲ್ಲಿ ಅಂಪೈರು ಬೇಕಾಗಿರಲಿಲ್ಲ. ಆಮೇಲೆ ಶೂ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು. ತೋಳು ಮೇಲಕ್ಕೆ ಮಡಿಸಿದರು. ಚಾಪೆಯ ಅಂಚಿಗೆ ಸರಿದರು. ಯಾರೋ ಒಬ್ಬ ಹುಡುಗ ಅವರ ಕಡೆ ಕೈತೋರಿಸಿದಾಗ ಕೇತ ಗದರಿದ. "ಸುಮ್ನಿರ್ಲಾ. ದೊಡ್ಡೋರು, ಬೆಟ್ಟ ಅತ್ತಿ ದಣದವ್ರ. ಕುಂತ್ಕಂಡು ನೋಡ್ಲಿ." ಆ ಮಾತಿನಲ್ಲಿ ಗೌರವ ಬಿಟ್ಟು ಬೇರೇನಾದರೂ ಇತ್ತೇ ಎಂದು ನಾನು ಅವನ ಮುಖದಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಮೇಷ್ಟ್ರು ನಕ್ಕು ತಲೆಯಾಡಿಸಿದರು, ಆದರೆ ತೋಳು ಇಳಿಸಲಿಲ್ಲ. ಆಟ ಸಾಗಿತು. ಬಿಸಿಲು ಮರದ ತುದಿಗೆ ಹೋಯಿತು. ಕೆಳಗಿನಿಂದ ಲಾರಿಯ ಹಾರನ್ನು ಕೇಳಿಸಿದಾಗ ಎಲ್ಲರೂ ಆಟ ನಿಲ್ಲಿಸಿ ನಮ್ಮನ್ನು ಕಳಿಸಿಕೊಡಲು ಬಂದರು. ಅಜ್ಜಿ ಮೇಷ್ಟ್ರ ಕೈಗೆ ಒಂದು ಸೋರೆಬುರುಡೆ ಜೇನು ಕೊಟ್ಟಳು.

ಲಾರಿಯಲ್ಲಿ ಬಿದಿರಿನ ಹೊರೆಯ ಮೇಲೆ ಇಬ್ಬರೂ ಹಗ್ಗ ಹಿಡಿದು ಕೂತೆವು. ಮೇಷ್ಟ್ರ ಸೀಟಿ ಜೇಬಿನಲ್ಲಿತ್ತು. ತಿರುವುಗಳೆಲ್ಲ ಮುಗಿದು ಬಯಲಿನ ದೀಪಗಳು ಕಂಡವು. ಅವರ ಮುಖ ಮಗುವಿನ ಹಾಗೆ ಊದಿಕೊಂಡಿತ್ತು.

"ನನ್ನನ್ನೂ ಒಂದಾಟ ಆಡಿಸಬೋದಾಗಿತ್ತು ಕಣ್ಲಾ" ಎಂದರು.

"ಕೇಳಿದ್ರೆ ಆಡಿಸೋರು ಸಾ" ಎಂದೆ.

"ಕೇಳೋದೇನ್ಲಾ ಅದನ್ನ?" ಎಂದು ಮೇಷ್ಟ್ರು ಕತ್ತಲಾಗುತ್ತಿದ್ದ ಬೆಟ್ಟದ ಕಡೆಗೆ ಕೈ ಮಾಡಿದರು.  "ಅಷ್ಟು ಹೊತ್ತೂ ರೆಡಿಯಾಗಿ ಕೂತಿದ್ದೆ. ಅವನಿಗೆ ಕಾಣಿಸ್ತಿರಲಿಲ್ವಾ?"